ನಾಣ್ಯದ ಸದ್ದು ಕೇಳುವ ಮೈಕು

ಚೆಂಬೂರಿನ ಲಾವಣ್ಯಾಳಿಗೆ ಲಿಫ್ಟಿನ ಸರ್ಕ್ಯೂಟ್ ಬೋರ್ಡು ರಿಪೇರಿ ಮಾಡುವ ಕೆಲಸ. ಕೆಟ್ಟ ಬೋರ್ಡು ಎದುರಿಗೆ ಬಂದರೆ ಅಕ್ಕಿ ಆರಿಸುವವರ ಹಾಗೆ ಮೊದಲು ಕಣ್ಣಾಡಿಸುತ್ತಾಳೆ, ಆಮೇಲೆ ಕೈ. ಅದಕ್ಕೇ ದೊಡ್ಡಮ್ಮ ಶೀಲಾವತಿ ತನ್ನ ಕಷ್ಟ ಹೇಳಿಕೊಂಡದ್ದು ಅವಳ ಹತ್ತಿರ.

ಇಡ್ಲಿ ಬೇಯಿಸುವಾಗ ಪಾತ್ರೆಯ ತಳದ ನೀರಿಗೆ ಒಂದು ನಾಣ್ಯ ಹಾಕುವುದು ಶೀಲಾವತಿಗೆ ಅತ್ತೆಯಿಂದ ಬಂದ ರೂಢಿ. ನೀರು ಕುದಿಯುವಷ್ಟು ಹೊತ್ತು ಅದು ಟಿಣಿಟಿಣಿ ಅನ್ನುತ್ತದೆ. ಸದ್ದು ನಿಂತರೆ ನೀರು ಬತ್ತಿತು ಎಂದು ತಿಳಿಯಬೇಕು. ಆದರೆ ಈಗ ಅವರಿಗೆ ಕಿವಿ ಮಂದ. ಹೋದ ತಿಂಗಳು ಪಾತ್ರೆ ಸುಟ್ಟು ಕರಕಲಾಯಿತು.

"ಇನ್ನೊಮ್ಮೆ ಹೀಗಾದ್ರೆ ನೀನು ಗ್ಯಾಸ್ ಹತ್ರ ಹೋಗ್ಲಿಕ್ಕಿಲ್ಲ ಅಮ್ಮ. ತಿಂಡಿ ಹೊಟೇಲಿಂದ ತರಿಸುವ," ಎಂದ ಮಗ ಸಂದೀಪ.

ನಾಣ್ಯ ಸುಮ್ಮನಾದೊಡನೆ ಕೆಂಪು ದೀಪ ಹತ್ತಬೇಕು, ಅಷ್ಟೇ. ಲಾವಣ್ಯಾ ಪುಟ್ಟ ಬೋರ್ಡಿಗೆ ಮೊದಲು ಅಗ್ಗದ ಅನಲಾಗ್ ಮೈಕು ಜೋಡಿಸಿದಳು. ಸದ್ದು ಇದೆಯೋ ಇಲ್ಲವೋ, ಅದಕ್ಕೆ ತಿಳಿಯುವುದು ಅಷ್ಟೇ. ನೀರು ಬತ್ತುವ ಹೊತ್ತಿಗೆ ಕಿಟಕಿಯಾಚೆ ಲೋಕಲ್ ರೈಲು ಗಡಗಡ ಎಂದಿತು. ಅದನ್ನೇ ನಾಣ್ಯವೆಂದು ನಂಬಿದ ಮೈಕು ದೀಪ ಹತ್ತಿಸಲೇ ಇಲ್ಲ. ಮೈಕಿನ ಕಿವಿ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಆ ಕಡೆ ಈ ಕಡೆ ತಿರುಗಿಸಿದ್ದಾಯಿತು. ರೈಲು ಕೇಳದ ಹಾಗೆ ಮಾಡಿದರೆ ನಾಣ್ಯವೂ ಕೇಳದು.

"ಇದಕ್ಕೂ ನನ್ನ ಹಾಗೇ ಕಿವಿ ಮಾರಾಯ್ತಿ!" ಶೀಲಾವತಿ ನಕ್ಕರು. ಲಾವಣ್ಯಾ ನಗಲಿಲ್ಲ. ಡಿಜಿಟಲ್ ಮೈಕು ತಂದಳು. ಅದು ಕೇಳಿದ್ದನ್ನೆಲ್ಲ ಅಂಕಿಗಳಾಗಿ ಬೋರ್ಡಿಗೆ ಒಪ್ಪಿಸುತ್ತದೆ. ರೈಲಿನ ದಪ್ಪ ಸದ್ದು ಬಿಟ್ಟು ನಾಣ್ಯದ ಸಣ್ಣ ಸದ್ದನ್ನಷ್ಟೇ ಹೆಕ್ಕಿಕೊಳ್ಳಲು ಅವಳು ಬೋರ್ಡಿಗೆ ಕಲಿಸಿದಳು.

ಭಾನುವಾರ ಸಂದೀಪನ ಎದುರಿಗೇ ಪರೀಕ್ಷೆ. ಬೇಗ ಬತ್ತಲೆಂದು ಲಾವಣ್ಯಾ ಇಡ್ಲಿ ಪಾತ್ರೆಯಲ್ಲಿ ಸ್ವಲ್ಪವೇ ನೀರು ಇಡಿಸಿದ್ದಳು. ನೀರು ಕುದಿಯಿತು. ಬೋರ್ಡಿನ ಸ್ವಿಚ್ಚು ಹಾಕಿದೊಡನೆ ಕೆಂಪು ದೀಪ ಹತ್ತಿತು.

"ನೀರು ಇನ್ನೂ ಉಂಟಲ್ಲ! ಆಯ್ತು, ಕತೆ ಮುಗೀತು," ಎಂದ ಸಂದೀಪ.

ಲಾವಣ್ಯಾ ಬೋರ್ಡು ಮುಟ್ಟಲಿಲ್ಲ. ಪಾತ್ರೆಗೆ ಕಿವಿಗೊಟ್ಟಳು. "ದೊಡ್ಡಮ್ಮ, ನಾಣ್ಯ ಎಲ್ಲಿ?"

"ಮಿಷನ್ ಬಂತಲ್ಲ, ಇನ್ನು ಅದೆಂತಕ್ಕೆ ಅಂತ ತೊಳೆದು ದೇವರ ಮುಂದೆ ಇಟ್ಟಿದ್ದೇನೆ."

ಸಂದೀಪನಿಗೂ ನಗು ತಡೆಯಲಾಗಲಿಲ್ಲ. ನಾಣ್ಯ ನೀರಿಗೆ ಬಿತ್ತು. ಟಿಣಿಟಿಣಿ ಶುರುವಾಗಿ ದೀಪ ಆರಿತು. ಕೊನೆಗೆ ನೀರು ಇಂಗುತ್ತಾ ಬಂದಾಗ ಲೋಕಲ್ ಬಂತು, ಕಿಟಕಿ ನಡುಗಿತು. ಆ ಗದ್ದಲದ ನಡುವೆಯೇ ದೀಪ ಕೆಂಪಾಗಿ ಹತ್ತಿತು. ಯಾರೂ ಹೇಳುವ ಮೊದಲೇ ಶೀಲಾವತಿ ಗ್ಯಾಸ್ ಆರಿಸಿ, ಮಗನ ಕಡೆ ತಿರುಗಿ ಸೊಂಟಕ್ಕೆ ಕೈ ಇಟ್ಟರು.

"ಹೊಟೇಲಿಂದ ತರಿಸುವುದಾ?"

"ಬೇಡ," ಎಂದ ಸಂದೀಪ ತಟ್ಟೆ ಎಳೆದುಕೊಂಡು. "ಚಟ್ನಿ ಉಂಟಾ?"

ಹೊಗಳಿಕೆ ಕೇಳಲು ಲಾವಣ್ಯಾಳಿಗೆ ಪುರಸೊತ್ತಿರಲಿಲ್ಲ. ಹಬೆ ತಾಗದಿರಲೆಂದು ಸ್ಟೂಲ್ ಹತ್ತಿ ಮೈಕನ್ನು ಒಂದು ಗೇಣು ಆಚೆ ಸರಿಸುತ್ತಿದ್ದಳು.