ಅರ್ಧ ಲಗ್ನಪತ್ರಿಕೆ

ವಿನೋಬನಗರದ ಆ ಡಿಟಿಪಿ ಅಂಗಡಿಯವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಂಜೆ ಹೊತ್ತು ಅವರು ಕಂಪ್ಯೂಟರ್ ಪಾಠವನ್ನೂ ಹೇಳುತ್ತಿದ್ದರು. ಟೈಪು ಮಾಡಿದ್ದು ಮೊದಲು ರ‍್ಯಾಮ್‌ನಲ್ಲಿರುತ್ತದೆ, ಕರೆಂಟು ಹೋದರೆ ಅದೂ ಹೋಗುತ್ತದೆ, ಸೇವ್ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿದ್ದು ಮಾತ್ರ ಉಳಿಯುತ್ತದೆ ಎಂದು ಬೀದಿಗೆಲ್ಲ ಕೇಳುವಂತೆ ಕಲಿಸುತ್ತಿದ್ದರು. ತಾವು ಮಾತ್ರ ಕೆಲಸ ಮುಗಿಯುವವರೆಗೆ ಸೇವ್ ಮಾಡುತ್ತಿರಲಿಲ್ಲ.

“ಪೂರ್ತಿ ಆಗ್ಲಿ ಮಾರಾಯ್ರೇ, ಅರ್ಧಂಬರ್ಧ ಕೆಲ್ಸ ಎತ್ತಿಡಬಾರ್ದು” ಎನ್ನುತ್ತ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಕ್ಕನ ಲಗ್ನಪತ್ರಿಕೆಯ ಫ್ಲಾಪಿ ಸಂಜೆಯೊಳಗೆ ಭದ್ರಾವತಿಯ ಪ್ರೆಸ್ಸಿಗೆ ಮುಟ್ಟಬೇಕಿತ್ತು. ಬೆಳಗಿನಿಂದ ಕರೆಂಟು ಹೋದಾಗಲೆಲ್ಲ ಅವರು ಮತ್ತೆ ಗಣಪತಿಯ ಶ್ಲೋಕದಿಂದ ಶುರು ಮಾಡುತ್ತಿದ್ದರು.

“ಇವ್ರನ್ನ ನಂಬ್ಕೊಂಡ್ರೆ ಮದುವೆ ಆದ ಹಾಗೇ!” ಎಂದು ಅಂಗಡಿಯಲ್ಲಿ ನನ್ನ ಪಕ್ಕವೇ ಕೂತಿದ್ದ ಅಮ್ಮ ಸಿಡಿಮಿಡಿಗುಟ್ಟುತ್ತಿದ್ದಳು.

ಅವರು ಟೀಗೆಂದು ಎದ್ದಾಗ ನಾನೇ ಮೆಲ್ಲಗೆ ಸೇವ್ ಮಾಡಿದೆ. ಅಂದುಕೊಂಡಂತೆ ಕರೆಂಟು ಹೋಯಿತು. ಬಂದ ಮೇಲೆ ಫೈಲು ತೆರೆದು, “ನೋಡಿ ಸಾರ್, ಎಲ್ಲಾ ಹಾಗೇ ಇದೆ” ಎಂದು ಬೀಗಿದೆ.

ಅವರು ಬಗ್ಗಿ ಓದಿದರು. “ಎಲ್ಲಾ ಎಲ್ಲಿದೆ ಮಾರಾಯ್ರೇ? ಹುಡುಗಿ ಹೆಸರಿಗೇ ನಿಂತಿದೆ. ಹುಡುಗನೇ ಇಲ್ಲದ ಲಗ್ನಪತ್ರಿಕೆ ಎತ್ತಿಟ್ಟಿದ್ದೀರಲ್ಲ!”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಮುಂದಕ್ಕೆ ಟೈಪ್ ಮಾಡಿದ್ರೆ ಹುಡುಗನೂ ಬರ್ತಾನೆ ಸಾರ್! ಅಮ್ಮಾ, ನೀನಾದ್ರೂ ಹೇಳು.”

ಬೆಳಗಿನಿಂದ ಅವರನ್ನು ಬೈಯುತ್ತಿದ್ದ ಅಮ್ಮ ಪರದೆಯನ್ನೇ ನೋಡುತ್ತ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

“ಮೊದ್ಲು ಅದನ್ನ ಅಳಿಸಿ ಸಾರ್” ಎಂದಳು. “ಗಣಪತಿಯಿಂದಾನೇ ಶುರು ಮಾಡಿ.”