ಅಮೀನಸಾಬರು ಬೆಸೆದ ಪೈಪು

ಗಂಗಾವತಿಯ ಭತ್ತದ ಸೀಮೆಯಲ್ಲಿ ಮೋಟಾರು ಸುಟ್ಟರೆ ರೈತ ಮೊದಲು ಬೈಯುವುದು ಕರೆಂಟಿನವರನ್ನು, ಆಮೇಲೆ ನೆನೆಯುವುದು ಅಮೀನಸಾಬರನ್ನು. ಹದಿಮೂರು ವರ್ಷದವರಿದ್ದಾಗ ಇರಕಲ್ಲಗಡದಿಂದ ಬಂದು, ಉಸ್ತಾದರ ಅಂಗಡಿಯಲ್ಲಿ ಸುಟ್ಟ ತಂತಿ ಕೀಳುತ್ತ ಕೆಲಸ ಕಲಿತವರು. ನಲವತ್ತೈದು ವರ್ಷ ಅದೇ ಕೆಲಸ. ಹಳೆಯ ತಂತಿ ಕೀಳಬೇಕು, ಹೊಸ ತಾಮ್ರ ಸುತ್ತಬೇಕು, ವಾರ್ನಿಷ್ ಕುಡಿಸಬೇಕು, ಮೂಲೆಯ ತಗಡಿನ ಡ್ರಮ್ಮಿನೊಳಗೆ ಇನ್ನೂರು ಕ್ಯಾಂಡಲಿನ ಎರಡು ಬಲ್ಬು ಹಚ್ಚಿ ಒಣಗಿಸಬೇಕು. ಒಣಗದೆ ಕೊಟ್ಟ ಮೋಟಾರು ವಾರದೊಳಗೆ ವಾಪಸು ಬರುತ್ತದೆ ಎಂದು ಉಸ್ತಾದರು ಹೇಳಿದ್ದರು. ಅಮೀನಸಾಬರು ಒದ್ದೆ ಎಂಬುದನ್ನೇ ದ್ವೇಷಿಸುತ್ತಿದ್ದರು.

ಅವರ ಗೊರಕೆ ಓಣಿಗೆಲ್ಲ ಗೊತ್ತಿತ್ತು. "ಐದ್ ಎಚ್‌ಪಿ ಮೋಟಾರ್ ಕಟಗೊಂಡೀನವಾ, ನೀರಿಲ್ದ ಓಡತೈತಿ" ಎಂದು ಹೆಂಡತಿ ಸರ್ದಾರಬೀ ನಗಿಸುತ್ತಿದ್ದಳು. ಸೊಸೆ ಮುಬಾಶಿರಾಗೆ ಮಾತ್ರ ನಗು ಬರುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಾವ ಪಡಸಾಲೆಯಲ್ಲಿ ಒರಗಿದಾಗ ಅವಳು ಮಗುವಿಗೆ ಹಾಲು ಕುಡಿಸುತ್ತ ಗೊರಕೆಯನ್ನಲ್ಲ, ಗೊರಕೆ ನಿಂತ ಹೊತ್ತನ್ನು ಕೇಳುತ್ತಿದ್ದಳು. ಹತ್ತು ಎಣಿಸುವಳು, ಹದಿನೈದು, ಇಪ್ಪತ್ತು. ಮತ್ತೆ ಒಮ್ಮೆಲೇ ನೀರಿನಿಂದ ಮೇಲೆದ್ದವರ ಹಾಗೆ ಉಸಿರು.

ಅವಳೇ ಹಠ ಮಾಡಿ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿದಳು. ನಿದ್ದೆಯಲ್ಲಿ ತಾಸಿಗೆ ನಲವತ್ತು ಸಲ ಉಸಿರು ನಿಲ್ಲುತ್ತಿದೆ, ಅದರಿಂದ ಹೃದಯ ಸೋತಿದೆ, ಇನ್ನು ಮೇಲೆ ಈ ಮಶಿನ್ನಿಲ್ಲದೆ ಒಂದು ಜಾವವೂ ಮಲಗಕೂಡದು ಎಂದು ಡಾಕ್ಟರು ಹೇಳಿದರು. ಮಶಿನ್ನು ನೀರಿನ ತಟ್ಟೆಯ ಮೇಲಿಂದ ಗಾಳಿ ಹಾಯಿಸಿ, ಒಂದು ಉದ್ದ ಪೈಪಿನಲ್ಲಿ ಮೂಗಿನ ಮಾಸ್ಕಿಗೆ ಒತ್ತಿ ಕಳಿಸುತ್ತದೆ. ಪೈಪಿನ ಗೋಡೆಯೊಳಗೆ ಕೂದಲೆಳೆಯಂಥ ತಂತಿ ಸುತ್ತಿಕೊಂಡು ಹೋಗಿದೆ. ಅದು ಬೆಚ್ಚಗಿದ್ದರೆ ಗಾಳಿಯ ತೇವ ನೀರಾಗಿ ಇಳಿಯುವುದಿಲ್ಲ.

"ಇದರಾಗೂ ವೈಂಡಿಂಗ್ ಐತಿ!" ಎಂದು ಅಮೀನಸಾಬರು ಪೈಪನ್ನು ಬೆಳಕಿಗೆ ಹಿಡಿದು ನೋಡಿದ್ದರು.

ಮುಬಾಶಿರಾ ಹುಬ್ಬಳ್ಳಿಯಲ್ಲಿ ಇಂಗ್ಲಿಷಿನಲ್ಲಿ ಓದಿ ಬಂದವಳು. ಹಾಗಾಗಿ ಮಶಿನ್ನಿನ ಪುಸ್ತಕ ಅವಳ ಪಾಲಿಗೆ ಬಂತು. ಗ್ಯಾಸ್ ಸಿಲಿಂಡರನ್ನು ಮೂರು ಸಲ ಮುಟ್ಟಿ ನೋಡುವವಳು, ಎಂಟು ತಿಂಗಳ ತಸ್ಲೀಮಾಳ ಎದೆಗೆ ಕಿವಿಯಿಟ್ಟು ಮಲಗುವವಳು. ಅಂಗಡಿಯ ಬ್ಯಾಟರಿ ನೀರನ್ನೇ ಮಶಿನ್ನಿಗೆ ಹಾಕಲು ಮಾವ ಹೊರಟಾಗ ಡಬ್ಬಿ ಕಿತ್ತುಕೊಂಡಿದ್ದಳು. "ನಿನ್ನ ಬಾಯಾಗ ಬ್ಯಾಡ ಅನ್ನೂದು ಬಿಟ್ರ ಮತ್ತೊಂದು ಮಾತಿಲ್ಲ ನೋಡು" ಎಂದು ಗಂಡ ವಾಹೀದ ಆವತ್ತು ರೇಗಿಸಿದ್ದ. ಮಗುವಿಗೆ ಸಾಂಬ್ರಾಣಿ ಹೊಗೆ ಬೇಡ, ಕಾಡಿಗೆ ಬೇಡ, ಜೇನುತುಪ್ಪ ಬೇಡ. ಅತ್ತೆ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟಿದ್ದೂ ಅದೇ ವಾರ.

ಆ ವಾರವೇ ಡಿಸೆಂಬರಿನ ಚಳಿಯಲ್ಲಿ ಪೈಪು ಕೆಟ್ಟಿತು. ಬೆಳಿಗ್ಗೆ ಮಶಿನ್ನಿನ ಪರದೆಯ ಮೇಲೆ ಪೈಪಿನ ಚಿತ್ರ, ಅದರ ಪಕ್ಕ ಒಂದು ಕೆಂಪು ಗುರುತು. ಅವಳು ಪುಸ್ತಕದ ಪ್ರಕಾರ ವಯರು ಕಿತ್ತು ಮತ್ತೆ ಹಾಕಿದಳು. ಪೈಪಿನ ತುದಿ ಬಿಚ್ಚಿ, ಒರೆಸಿ, ಕಟ್ ಎಂದು ಸದ್ದಾಗುವ ತನಕ ಒತ್ತಿದಳು. ಗುರುತು ಹೋಗಲಿಲ್ಲ. ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದಳು.

"ಹೊಸಾ ಪೈಪ್ ಬರಾಕ ಎಂಟ್ ದಿನ ಬೇಕ್ರಿ ಮೇಡಮ್. ಅಲ್ಲೀ ತನಕ ಹೀಟ್ ಬಂದ್ ಮಾಡ್ರಿ, ತೇವ ಕಡಿಮಿ ಇಡ್ರಿ, ಪೈಪಿಗೆ ಅರಬಿ ಸುತ್ರಿ. ಗಾಳಿ ಏನ್ ನಿಲ್ಲಂಗಿಲ್ಲ. ಹೆದರಬ್ಯಾಡ್ರಿ."

ಹಾಗೆಯೇ ಮಾಡಿದರು. ಮಗುವಿನ ಹಳೆಯ ದುಪ್ಪಟಿಯನ್ನು ಪೈಪಿಗೆ ಸುತ್ತಿದಳು. ಗಾಳಿ ಬಂತು. ಆದರೆ ಚಳಿಗೆ ಪೈಪಿನಲ್ಲಿ ನೀರು ಕೂತು ಗುಳುಗುಳು ಎಂದಿತು, ತಣ್ಣನೆಯ ಹನಿ ಮೂಗಿಗೆ ಸಿಡಿಯಿತು. ಎರಡು ದಿನ ಅಮೀನಸಾಬರು ಗೋಡೆಗೆ ಒರಗಿ ಕೂತೇ ತೂಕಡಿಸಿದರು. ಮೂರನೆಯ ಬೆಳಿಗ್ಗೆ ಪೈಪನ್ನು ಚೀಲಕ್ಕೆ ತುರುಕಿ ಅಂಗಡಿಗೆ ನಡೆದರು. ಮಗುವನ್ನು ಎತ್ತಿಕೊಂಡು ಮುಬಾಶಿರಾ ಹಿಂದೆಯೇ ಹೋದಳು.

ಅಂಗಡಿಯಲ್ಲಿ ಅವರು ಟೆಸ್ಟ್ ಲ್ಯಾಂಪಿನ ಎರಡು ತುದಿ ಮುಟ್ಟಿಸಿ ನೋಡಿದರು. ಬೆಳಕಿಲ್ಲ. ಗೇಣುಗೇಣಿಗೆ ಬಗ್ಗಿಸಿ ನೋಡುತ್ತ ಬಂದಾಗ ಒಂದು ಕಡೆ ಪೈಪು ಕಂದುಬಣ್ಣಕ್ಕೆ ತಿರುಗಿ, ಒಣ ಚರ್ಮದಂತೆ ಗಡುಸಾಗಿತ್ತು.

"ಇದು ಯಾಕ ಹಿಂಗ ಆಗೈತ್ರಿ ಮಾವ?"

"ಡ್ರಮ್ಮಿನಾಗ ಸ್ವಲ್ಪ ಬಲ್ಬಿಗೆ ತಾಗಿರಬೇಕು."

"ಯಾವ ಡ್ರಮ್ಮು?"

"ಇದಾ. ಶುಕ್ರವಾರ ಶುಕ್ರವಾರ ತೊಳದು ಇದರಾಗ ಇಡತೀನಲ್ಲ. ಒಳಗ ನೀರ್ ಉಳದ್ರ ವೈಂಡಿಂಗ್ ಹಾಳಾಕ್ಕೈತಿ."

ತಿಂಗಳುಗಟ್ಟಲೆ ಮೃದುವಾದ ಪ್ಲಾಸ್ಟಿಕ್ಕನ್ನು ಮೋಟಾರಿನಂತೆ ಬೇಯಿಸಿದ್ದರು. ಮುಬಾಶಿರಾಳ ಬಾಯಿಗೆ ಬಂದ ಮಾತು ಅಲ್ಲಿಯೇ ನಿಂತಿತು. ಅವರ ಮುಖದಲ್ಲಿ ತಪ್ಪು ಮಾಡಿದ ಛಾಯೆ ಇರಲಿಲ್ಲ. ರೋಗ ಸಿಕ್ಕಿತೆಂಬ ಹುರುಪಿತ್ತು. ಹುಬ್ಬಳ್ಳಿಗೆ ಹೋಗಿ ಬಂದಾಗಿನಿಂದ ಎಲ್ಲರೂ ಅವರಿಗೆ ಕೂರಿಸಿ ಹೇಳುವವರೇ: ಉಪ್ಪು ಬೇಡ, ಏರಬೇಡ, ಎತ್ತಬೇಡ. ಇವತ್ತು ಕೈಯಲ್ಲಿ ತಂತಿ ಇತ್ತು.

ಬ್ಲೇಡಿನಿಂದ ಪೈಪಿನ ಮೈಯನ್ನು ಸೀಳಿದರು. ಕನ್ನಡಕ ಏರಿಸಿ ತುಂಡಾದ ತಂತಿಗೆ ಬೆಸುಗೆ ಹಾಕಿದರು. ಸೀಳಿದ ಜಾಗಕ್ಕೆ ನೂಲಿನ ಪಟ್ಟಿ ಸುತ್ತಿ ಎರಡು ಕೈ ವಾರ್ನಿಷ್ ಬಳಿದು, ಡ್ರಮ್ಮಿನಲ್ಲಿಟ್ಟು ಬಲ್ಬು ಹಚ್ಚಿದರು. ಈ ಸಲ ಬಲ್ಬಿನಿಂದ ದೂರ.

ಸಂಜೆ ಮನೆಗೆ ತಂದು ಸಿಕ್ಕಿಸಿದಾಗ ಕೆಂಪು ಗುರುತು ಹೋಯಿತು. ಪೈಪು ಬೆಚ್ಚಗಾಯಿತು. "ಬಾ ಇಲ್ಲೆ, ಮುಟ್ಟಿ ನೋಡು" ಎಂದು ಹೆಂಡತಿಯನ್ನು ಕರೆದರು. ಸರ್ದಾರಬೀ ಮುಟ್ಟಿ, "ಆತಲ್ಲ, ಇನ್ ಅಂಗಡಿ ಮುಂದ ಅದಕ್ಕೂ ಒಂದ್ ಬೋರ್ಡ್ ಬರಸ್ರಿ" ಎಂದಳು. ವಾಹೀದ ನಕ್ಕ.

ಮುಬಾಶಿರಾ ಪುಸ್ತಕ ತೆರೆದು ಕೂತಿದ್ದಳು.

"ಇದಕ್ಕೇನರ ಬರದಾರೇನ್ ನೋಡವಾ ಅದರಾಗ" ಎಂದರು ಅಮೀನಸಾಬರು.

ಬರೆದಿತ್ತು. ಪೈಪು ಕೆಟ್ಟರೆ ರಿಪೇರಿ ಮಾಡಕೂಡದು, ಬಳಸುವುದನ್ನು ನಿಲ್ಲಿಸಿ ಹೊಸದು ಹಾಕಬೇಕು. ಅವಳು ಎರಡು ಸಲ ಓದಿದಳು. ತಲೆಯೆತ್ತಿದರೆ ಮೂರೂ ಜನ ಅವಳ ಕಡೆಗೇ ನೋಡುತ್ತಿದ್ದರು. ವಾಹೀದನ ತುಟಿಯ ಮೇಲೆ 'ಬ್ಯಾಡ ಅನ್ನೂದು ಬಿಟ್ರ' ಎಂಬ ಆ ಮಾತು ಆಗಲೇ ಸಿದ್ಧವಾಗಿತ್ತು.

"ಏನೂ ಬರದಿಲ್ರಿ ಮಾವ."

"ಮತ್ತ!" ಎಂದರು ಅವರು.

ಪೈಪಿಗೆ ಮೂಗು ಹಿಡಿದಳು. ವಾರ್ನಿಷಿನ ವಾಸನೆ. ಆದರೆ ಮಾವನ ಅಂಗಿಗೂ, ಅವರು ಮಗುವನ್ನು ಎತ್ತಿಕೊಂಡು ಕೊಟ್ಟ ಮೇಲೆ ಮಗುವಿನ ತಲೆಗೂ ಯಾವಾಗಲೂ ಅದೇ ವಾಸನೆ. "ವಾಸನಿ ಬರತೈತೇನ್ರಿ ನಿಮಗ?"

"ನನ್ನ ಮೂಗ ಹೋಗಿ ಎಷ್ಟ್ ವರ್ಷಾತು ಯವ್ವಾ! ಅದಕ್ಕ ನಿಮ್ಮತ್ತಿ ಅಡಗಿ ಉಣಾಕತ್ತೀನಿ."

ಮತ್ತೆ ನಕ್ಕರು. ಅವತ್ತು ಅಮೀನಸಾಬರು ಕಾಲು ಚಾಚಿ ಮಲಗಿದರು.

ಮರುದಿನ ಕೆಮ್ಮು. ಚಳಿಗೆ ಎಂದರು. ಅದರ ಮರುದಿನ ಕಣ್ಣು ಕೆಂಪಾಗಿ ತಲೆ ಎತ್ತಲಾಗಲಿಲ್ಲ. "ಪೈಪ್ ತಗೀರಿ, ಬ್ಯಾಡ್ರಿ" ಎಂದು ಮುಬಾಶಿರಾ ಅಂದಳು. "ಅದ ಇಲ್ದ ಮಲಗಬ್ಯಾಡ ಅಂದಾಕಿನೂ ನೀನಾ" ಎಂದು ಮತ್ತೆ ಮಾಸ್ಕು ಕಟ್ಟಿಕೊಂಡರು. ಮಧ್ಯಾಹ್ನದ ಹೊತ್ತಿಗೆ ತುಟಿ ನೀಲಿಯಾಗಿತ್ತು.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರು, "ಎದಿ ಒಳಗ ಊದೈತಿ. ಏನರ ಕೆಮಿಕಲ್ ಹೊಗಿ ತಗೊಂಡಾರೇನು?" ಎಂದು ಕೇಳಿದರು. ಮಶಿನ್ನನ್ನೂ ಜೊತೆಗೇ ತಂದಿದ್ದ ವಾಹೀದ ಚೀಲ ಬಿಚ್ಚಿದ. ಡಾಕ್ಟರು ಪೈಪಿಗೆ ಮೂಗು ಹಿಡಿದು ಸಟ್ಟನೆ ಮುಖ ತಿರುಗಿಸಿದರು. "ಇದನ್ಯಾರ್ ರಿಪೇರಿ ಮಾಡಿದ್ದು?"

ಮಲಗಿದ್ದ ಅಮೀನಸಾಬರು ಒಂದು ಕೈ ಎತ್ತಿದರು.

ಎರಡನೆಯ ದಿನ ವಾಹೀದ ಔಷಧಿ ತರಲು ಹೋದಾಗ ಮುಬಾಶಿರಾ ಮಂಚದ ಹತ್ತಿರ ಬಗ್ಗಿದಳು.

"ಮಾವ, ಅವತ್ತ ಪುಸ್ತಕದಾಗ ಬರದಿತ್ರಿ. ರಿಪೇರಿ ಮಾಡಬ್ಯಾಡ್ರಿ ಅಂತ. ನಾ ಓದಿದ್ನಿ. ನಿಮಗ ಹೇಳಲಿಲ್ಲ."

ಅವರು ಆಕ್ಸಿಜನ್ ಮಾಸ್ಕನ್ನು ತುಸು ಸರಿಸಿದರು. "ಯಾಕ?"

"ನೀವು ಖುಷಿಯಾಗಿದ್ರಿ." ಅಷ್ಟು ಹೇಳಿ, ಅದು ಪೂರ್ತಿ ನಿಜವಲ್ಲವೆಂದು ಅನ್ನಿಸಿ, "ಎಲ್ಲಾರೂ ನನ್ನ ನೋಡಿ ನಗತಿದ್ರು" ಎಂದಳು.

ಅವರು ಸೊಸೆಯ ಕಡೆ ತಿರುಗಿದರು. ಮಾತಿಗೆ ಉಸಿರು ಕೂಡಿಸಿಕೊಳ್ಳಬೇಕಾಯಿತು. "ತಂತಿ ನನಗ ಗೊತ್ತಿತ್ತು. ಓದೂದು ನಿನಗ ಬಿಟ್ಟಿದ್ನಿ."

ಮುಖ ಗೋಡೆಯ ಕಡೆ ಹೊರಳಿಸಿದರು. ಆಮೇಲೆ ಮೂರು ದಿನ ಬದುಕಿದ್ದರು. ಮಾಸ್ಕು ಜಾರಿದರೆ ಅವಳು ಪಕ್ಕದಲ್ಲೇ ಇದ್ದರೂ ಕೈಬೀಸಿ ನರ್ಸನ್ನು ಕರೆಯುತ್ತಿದ್ದರು. ನಾಲ್ಕನೆಯ ಬೆಳಿಗ್ಗೆ ಸೋತಿದ್ದ ಹೃದಯ ನಿಂತಿತು.

ಇರಕಲ್ಲಗಡದಲ್ಲಿ ಮಣ್ಣು ಮಾಡಿ ಬಂದರು. ಬಂದವರೆಲ್ಲ "ಅಲ್ಲಾಹನ ಮರ್ಜಿ" ಎಂದರು. ಮುಬಾಶಿರಾ ಗಂಡನಿಗೆ ತಾನೇ ಎಲ್ಲ ಹೇಳಿದಳು, ಗಂಡ ತಾಯಿಗೆ ಹೇಳಿದ. ಯಾರೂ ಅವಳನ್ನು ಬೈಯಲಿಲ್ಲ. ಯಾರಾದರೂ ಬೈಯಲಿ ಎಂದು ಅವಳು ಕಾಯುತ್ತಿದ್ದಳು.

ಒಂದು ಮಧ್ಯಾಹ್ನ, ಗಂಡ ಸತ್ತವಳು ಹೊರಗೆ ಹೋಗಬಾರದ ಇದ್ದತ್ತಿನ ದಿನಗಳಲ್ಲಿ ಕೋಣೆ ಹಿಡಿದು ಕೂತಿದ್ದ ಸರ್ದಾರಬೀ ತನ್ನ ಬಿಪಿ ಗುಳಿಗೆಯ ಡಬ್ಬಿಯಿಂದ ಎಂಟು ಮಡಿಕೆಯ ಕಾಗದ ತೆಗೆದು ಸೊಸೆಯ ಮುಂದೆ ಹಿಡಿದಳು.

"ಓದು."

"ದಿನಕ್ಕೊಂದು ಗುಳಿಗಿ ರೀ ಅತ್ತಿ, ಊಟ ಆದ ಮ್ಯಾಲ..."

"ಅದು ನನಗೂ ಗೊತ್ತೈತಿ. ಮ್ಯಾಲಿಂದ ಕೆಳಗಿನ ತನಕ ಓದು. ಒಂದ್ ಸಾಲೂ ಬಿಡಬ್ಯಾಡ."

ಮುಬಾಶಿರಾ ಕಾಗದ ಬಿಡಿಸಿದಳು. ಇರುವೆಯಂಥ ಅಕ್ಷರ. ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದಳು. ತಲೆಸುತ್ತು ಬರಬಹುದು, ಕಾಲು ಊದಬಹುದು, ಲಕ್ಷದಲ್ಲಿ ಒಬ್ಬರಿಗೆ ಹೀಗಾಗಬಹುದು. ನಡುವೆ ತಸ್ಲೀಮಾ ಅತ್ತಳು. ಸರ್ದಾರಬೀ ಮಗುವನ್ನು ತನ್ನ ತೊಡೆಗೆ ಎಳೆದುಕೊಂಡಳು, ನಿಲ್ಲಿಸು ಎನ್ನಲಿಲ್ಲ. ಮುಬಾಶಿರಾ ಕಾಗದ ತಿರುವಿ ಹಿಂದಿನ ಮಗ್ಗುಲು ಓದತೊಡಗಿದಳು.