ಜೋಮ್‌ಗೊಕ್ ಅಜ್ಜಿಗೆ ಹಾಡಿದವರು

ನಮ್ಮ ದಲ್‌ಮೇ ಊರಿನಲ್ಲಿ ಯಾರಾದರೂ ತೀರಿಕೊಂಡರೆ, ಹೆಣದ ಪಲ್ಲಕ್ಕಿಯನ್ನು ಹೊರಗೆ ತೆಗೆಯುವ ಮೊದಲೇ ದುಚಿಲಣ್ಣನಿಗೆ ಹೇಳಿಕಳಿಸುತ್ತಿದ್ದರು. ಹೊರುವ ಹೆಗಲುಗಳಿಗೆ ಆಗೆಲ್ಲ ಬರವಿರಲಿಲ್ಲ. ಕೈಗಂಟೆ ಹಿಡಿದು ಪಲ್ಲಕ್ಕಿಯ ಮುಂದೆ ನಿಂತು ಹಾಡುವವನು ಮಾತ್ರ ಅವನೊಬ್ಬನೇ. ಅವನು ಸಾಲು ಎತ್ತಿದರೆ ಹೊರುವವರು "ಓಹೊ, ಓಹೋ" ಎಂದು ದನಿಗೂಡಿಸಿ ಹೆಜ್ಜೆ ಇಡಬೇಕು. ಗುಡ್ಡದ ಮೇಲಿನ ಸಮಾಧಿಗೆ ಹೋಗುವ ಹಾದಿ ಕಡಿದು. ಹಾಡು ತಪ್ಪಿದರೆ ಕಾಲೂ ತಪ್ಪುತ್ತಿತ್ತು.

ಅವನು ಸತ್ತವರ ಜೊತೆ ಮಾತಾಡುವಂತೆ ಹಾಡುತ್ತಿದ್ದ. "ಕಣಜದ ಬಾಗಿಲು ಹಾಕದೆ ಹೊರಟೆಯಲ್ಲ ಅಕ್ಕ, ಚಿಂತೆ ಬೇಡ, ಸೊಸೆ ನಿನಗಿಂತ ಜಿಪುಣೆ" ಎಂದರೆ, ಎದೆ ಬಡಿದುಕೊಂಡು ಅಳುತ್ತಿದ್ದ ಸೊಸೆಯೂ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ದುಚಿಲಣ್ಣ ನಮ್ಮೂರಿನಲ್ಲಿ ಹುಟ್ಟಿದವನಲ್ಲ. ಯುದ್ಧದ ವರ್ಷ ಉತ್ತರದಿಂದ ಜನ ಓಡಿಬರುತ್ತಿದ್ದಾಗ ಅವನ ತಾಯಿ ದಾರಿಯಲ್ಲೇ ಸತ್ತಳು. ಬೆಳ್ಳುಳ್ಳಿ ಗೊಂಚಲು ಒಣಹಾಕಿದ್ದ ಕೊಟ್ಟಿಗೆಯೊಂದಕ್ಕೆ ಆ ಹುಡುಗ ನುಸುಳಿ, ಹಸಿವಿಗೆ ಹಸಿ ಬೆಳ್ಳುಳ್ಳಿ ಅಗಿಯುತ್ತಾ, ಉರಿ ತಾಳದೆ ಅಳುತ್ತಾ ಕೂತಿದ್ದ. ಕೊಟ್ಟಿಗೆ ಜೋಮ್‌ಗೊಕ್ ಅಜ್ಜಿಯದು. ಆಗ ಅಜ್ಜಿಯಲ್ಲ, ಎರಡು ಮಕ್ಕಳ ಹರೆಯದ ತಾಯಿ. ನಮ್ಮಲ್ಲಿ ಮದುವೆಯಾಗಿ ಬಂದ ಹಿರಿಯ ಹೆಂಗಸರನ್ನು ತವರೂರಿನ ಹೆಸರಿನಿಂದ ಕರೆಯುತ್ತೇವೆ. ಅವಳ ತವರು ಜೋಮ್‌ಗೊಕ್.

"ಕಳ್ಳ ಅಂದ್ರೆ ಅನ್ನ ಕದೀಬೇಕು ಕಣೋ, ಬೆಳ್ಳುಳ್ಳಿ ಯಾಕೋ ಕದೀತೀಯಾ? ಬಾಯಿ ತೊಳ್ಕೊಂಡು ಒಳಗೆ ಬಾ," ಎಂದಳಂತೆ.

ಬಾರ್ಲಿ ಅನ್ನ ಮತ್ತು ಮೂಲಂಗಿ ಸೊಪ್ಪಿನ ಸಾರು ಹಾಕಿದಳು. ಅವನು ಅಲ್ಲೇ ಉಳಿದ. ಹೆಸರಿಗೆ ಮನೆಯಾಳು. ಆದರೆ ಆಳುಗಳಿಗೆ ಅಂಗಳದಲ್ಲಿ ಬಡಿಸುತ್ತಿದ್ದ ಕಾಲದಲ್ಲಿ ಅವಳು ಅವನನ್ನು ತನ್ನ ಮಕ್ಕಳ ಪಕ್ಕ ಕೂರಿಸಿ ಬಡಿಸುತ್ತಿದ್ದಳು. ಬೆಳೆದ ಮೇಲೆ ಕಣಿವೆಯಾಚೆಯ ಬೊಂಗಿಮ್‌ಳನ್ನು ತಂದು ಮದುವೆ ಮಾಡಿಸಿದ್ದೂ ಅವಳೇ. ಹೊಳೆಯಂಚಿನ ಕಲ್ಲುನೆಲದ ಒಂದು ಪಟ್ಟಿ ಬಿಟ್ಟುಕೊಟ್ಟಳು. ಗಂಡ ಹೆಂಡಿರು ಕಲ್ಲು ಆಯ್ದು ಆಯ್ದು ಅದನ್ನು ಗದ್ದೆ ಮಾಡಿದರು. ಬೇಸಿಗೆಯ ಮೊದಲಲ್ಲಿ ಬೆಳ್ಳುಳ್ಳಿ ಕಿತ್ತು, ಮಣ್ಣು ಆರುವ ಮೊದಲೇ ನೀರು ಬಿಟ್ಟು, ಅದೇ ನೆಲದಲ್ಲಿ ಭತ್ತ ನಾಟಿ ಮಾಡುವುದು ನಮ್ಮ ಸೀಮೆಯ ಪದ್ಧತಿ. ಆ ಹದಿನೈದು ಇಪ್ಪತ್ತು ದಿನ ಇಲ್ಲಿ ಯಾರಿಗೂ ಸಾಯಲು ಪುರುಸೊತ್ತಿಲ್ಲ ಎಂದು ದುಚಿಲಣ್ಣನೇ ತಮಾಷೆ ಮಾಡುತ್ತಿದ್ದ.

ಅವನಿಗೆ ಐವತ್ತು ದಾಟಿದ ಮೇಲೆ ಗಂಟಲಲ್ಲಿ ಗಡ್ಡೆ ಕಾಣಿಸಿತು. ದೇಗು ನಗರದ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಅವನು ಮಾತಾಡಿದರೆ ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತೆ ಕೇಳಿಸುತ್ತಿತ್ತು. ಮುಂದಿನ ಸಾವಿಗೆ ಪೇಟೆಯಿಂದ ಕ್ಯಾಸೆಟ್ ತಂದು ಹಾಕಿದೆವು. ಅದರಲ್ಲಿ ಹಾಡಿದವನು ಪಶ್ಚಿಮದ ಕಡೆಯವನು, ಅವನ ಲಯ ನಮ್ಮ ಕಾಲಿಗೆ ಹತ್ತಲಿಲ್ಲ. ಹೊಳೆ ದಾಟುವಾಗ ಟೇಪು ಸಿಕ್ಕಿಕೊಂಡಿತು. ಪಲ್ಲಕ್ಕಿ ಹೊತ್ತ ನಾವು ಮಂಡಿಮಟ್ಟ ನೀರಿನಲ್ಲಿ ಒಂದು ಕಾಲೆತ್ತಿಕೊಂಡು ನಿಂತೆವು. ದಡದಲ್ಲಿದ್ದ ದುಚಿಲಣ್ಣ ಮುಖ ತಿರುಗಿಸಿಕೊಂಡ.

ಅದಾದ ಮಾರನೆಯ ವರ್ಷ, ಬೆಳ್ಳುಳ್ಳಿ ಕೀಳುವ ಕಾಲದಲ್ಲೇ ಜೋಮ್‌ಗೊಕ್ ಅಜ್ಜಿ ತೀರಿಕೊಂಡಳು. ಅರ್ಧ ಹೊಲ ಇನ್ನೂ ಕಿತ್ತಿರಲಿಲ್ಲ. ಅಂಗಳದಲ್ಲಿ ಚಪ್ಪರ ಹಾಕಿ, ಹೆಂಗಸರು ಖಾರದ ಮಾಂಸದ ಸಾರಿಗೆ ಇಟ್ಟರು. ದುಚಿಲಣ್ಣ ಮಾತ್ರ ಎಲ್ಲೂ ಕಾಣಲಿಲ್ಲ. ಕರೆಯಲು ಹೋದವನು ನಾನು. ಅವನು ತನ್ನ ಮನೆಯ ಹಿಂದೆ, ಗೊಬ್ಬರದ ಗುಂಡಿಯ ಪಕ್ಕ, ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಊರೋರ್ನೆಲ್ಲ ಹಾಡಿ ಕಳಿಸ್ದೆ ಕಣೋ," ಎಂದ, ಕಿವಿಗೊಟ್ಟರಷ್ಟೇ ಕೇಳುವ ದನಿಯಲ್ಲಿ. "ನಂಗೆ ಅನ್ನ ಇಟ್ಟೋಳಿಗೆ ಕ್ಯಾಸೆಟ್ ಹಾಕ್ಬೇಕಾ?"

ಬಾವಿಯ ಹತ್ತಿರ ಸೊಪ್ಪು ತೊಳೆಯುತ್ತಿದ್ದ ಬೊಂಗಿಮ್ ಅತ್ತಿಗೆ ಕೈ ಒರೆಸಿಕೊಂಡು ಎದ್ದಳು.

"ಕ್ಯಾಸೆಟ್ ಯಾಕೆ? ನಾನು ಹಾಡ್ತೀನಿ. ನೀನು ಗಂಟೆ ಹೊಡಿ."

ಅವನು ಬೆರಗಾಗಿ ನೋಡಿದ.

"ಏನು ಹಂಗೆ ನೋಡ್ತೀಯಾ? ಇಷ್ಟು ವರ್ಷ ಮೆಣಸಿನ ಗಿಡದ ಸಾಲಲ್ಲಿ ಕಳೆ ಕೀಳ್ತಾ ಯಾರ ಮುಂದೆ ಹಾಡಿ ಹಾಡಿ ಕಲ್ತೆ? 'ಸೊಸೆ ನಿನಗಿಂತ ಜಿಪುಣೆ' ಅಂತ ಸಾಲು ಹೇಳ್ಕೊಟ್ಟಿದ್ದು ಯಾರು? ಊರೋರು ಹೊಗಳಿದ್ದು ನಿನ್ನ."

ದುಚಿಲಣ್ಣ ತಲೆ ತಗ್ಗಿಸಿ ನಕ್ಕ. ದನಿ ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಜ್ಜಿಯ ಮೈದುನ ಓಕ್‌ಮಾನ್ ದೊಡ್ಡಪ್ಪ ಊರಿಗೇ ಹಿರಿಯ. ವಿಷಯ ಕಿವಿಗೆ ಬಿದ್ದದ್ದೇ ಕೋಲು ನೆಲಕ್ಕೆ ಕುಟ್ಟಿದ.

"ಹೆಂಗಸು ಪಲ್ಲಕ್ಕಿ ಮುಂದೆ ನಿಂತು ಹಾಡೋದಾ? ಸತ್ತ ನಮ್ಮತ್ತಿಗೆ ದಾರಿ ತಪ್ಪಿ ಅಲೀತಾಳೆ ಅಷ್ಟೇ!"

"ದಾರಿ ತಪ್ಪಲ್ಲ ದೊಡ್ಡಪ್ಪ," ಎಂದಳು ಬೊಂಗಿಮ್ ಅತ್ತಿಗೆ. "ಮದುವೆಯಾಗಿ ಬಂದಾಗಿಂದ ನಾಟಿ ಸಾಲಲ್ಲಿ ಅವ್ರ ಪಕ್ಕದಲ್ಲೇ ಬಗ್ಗಿದೋಳು ನಾನು. ನನ್ನ ದನಿ ಅವ್ರಿಗೆ ಗುರುತಿದೆ."

"ನಾನು ಸತ್ತಾಗ ಮಾತ್ರ ನೀನು ಬಾಯಿ ಬಿಡ್ಕೂಡ್ದು."

"ಆಯ್ತು, ನಿಮಗೆ ಕ್ಯಾಸೆಟ್ಟೇ ಹಾಕಿಸ್ತೀವಿ. ಹೊಳೆ ಮಧ್ಯ ಸ್ವಲ್ಪ ಹೊತ್ತು ತಂಪಾಗಿರಿ."

ಚಪ್ಪರದ ಅಡಿ ಕೂತಿದ್ದವರೆಲ್ಲ ಗೊಳ್ಳೆಂದರು. ಸೂತಕದ ಸೆಣಬಿನ ಬಟ್ಟೆ ತೊಟ್ಟು ಅಳುತ್ತಿದ್ದ ಅಜ್ಜಿಯ ಹಿರಿಮಗನೂ ತಡೆಯಲಾರದೆ ನಕ್ಕುಬಿಟ್ಟ. "ಅಮ್ಮ ಇದ್ದಿದ್ರೆ ಬೊಂಗಿಮ್ಮೇ ಹಾಡ್ಲಿ ಅನ್ನೋಳು ಚಿಕ್ಕಪ್ಪ," ಎಂದ. ದೊಡ್ಡಪ್ಪ ಗೊಣಗುತ್ತಾ ಅಕ್ಕಿ ಹೆಂಡದ ಬಟ್ಟಲು ಕೈಗೆತ್ತಿಕೊಂಡ. ಅದೇ ಒಪ್ಪಿಗೆ.

ಪಲ್ಲಕ್ಕಿ ಎದ್ದು, ಅಜ್ಜಿಯೇ ವಿದಾಯ ಹೇಳುವಂತೆ, ಮನೆಗೆ ಬಾಗಿ ನಮಿಸಿತು. ದುಚಿಲಣ್ಣ ಗಂಟೆ ಅಲ್ಲಾಡಿಸಿದ. ಬೊಂಗಿಮ್ ಅತ್ತಿಗೆಯ ಮೊದಲ ಸಾಲು ಎಳೆಯಂತೆ ನಡುಗಿತು. ಬೇಕೆಂದೇ ನಾವು "ಓಹೊ, ಓಹೋ" ಎಂದು ಗಟ್ಟಿಯಾಗಿ ಕೂಗಿದೆವು. ಎರಡನೆಯ ಸಾಲಿಗೆ ದನಿ ನೆಲ ಕಂಡಿತು. ಬೆಳ್ಳುಳ್ಳಿ ಹೊಲದ ಬದುವಿಗೆ ಬರುವಷ್ಟರಲ್ಲಿ ಅವಳು ಗಂಡ ಹೇಳಲಾಗದ್ದನ್ನೆಲ್ಲ ಹಾಡತೊಡಗಿದ್ದಳು.

"ಊರಿಲ್ಲದವನಿಗೆ ಊರು ಕೊಟ್ಟೆ, ಓಹೊ ಓಹೋ, ತಾಯಿಲ್ಲದವನಿಗೆ ಪಕ್ಕದಲ್ಲಿ ಜಾಗ ಕೊಟ್ಟೆ, ಓಹೊ ಓಹೋ, ಕಲ್ಲು ನೆಲ ಕೊಟ್ಟೆ ಅಂತ ಬೈಕೊಂಡೆ ನಾನು, ಓಹೊ ಓಹೋ, ಅದೇ ನೆಲದ ಅನ್ನ ಉಂಡು ನನ್ನ ಮಕ್ಕಳು ಬೆಳೆದರು ತಾಯೇ."

ಗಂಟೆ ತಪ್ಪಿತು. ದುಚಿಲಣ್ಣ ಅಳುತ್ತಿದ್ದ. ಹೆಗಲ ಮೇಲೆ ಪಲ್ಲಕ್ಕಿ ವಾಲಿತು. ಬೊಂಗಿಮ್ ಅತ್ತಿಗೆ ಹಾಡು ನಿಲ್ಲಿಸಿ ತಿರುಗಿದಳು.

"ಅಳು, ಬೇಡ ಅನ್ನಲ್ಲ. ಗಂಟೆ ಸರಿಯಾಗಿ ಹೊಡ್ಕೊಂಡು ಅಳು. ಇವರೆಲ್ಲ ಕಾಲುವೆಗೆ ಬೀಳ್ತಾರೆ!"

ನಗುತ್ತ, ಅಳುತ್ತ ಗುಡ್ಡ ಹತ್ತಿದೆವು. ಸಮಾಧಿಯ ಮಣ್ಣು ಗಟ್ಟಿಯಾಗಲೆಂದು ಸುತ್ತ ನಿಂತು ತುಳಿಯುವಾಗಲೂ ಅವಳೇ ಹಾಡಿದಳು. ಓಕ್‌ಮಾನ್ ದೊಡ್ಡಪ್ಪ ಮೊದಲು ದೂರ ನಿಂತಿದ್ದ, ಆಮೇಲೆ ಕೋಲು ಊರಿಕೊಂಡು ಬಂದು ತಾನೂ ತುಳಿದ.

ಇಳಿದು ಬರುವಾಗ ಗುಡ್ಡದಾಚೆ ಮೋಡ ಕಪ್ಪಾಗಿತ್ತು. ಯಾರೂ ಯಾರನ್ನೂ ಕರೆಯಲಿಲ್ಲ. ಸೆಣಬಿನ ತಲೆಪಟ್ಟಿಯನ್ನೂ ಬಿಚ್ಚದೆ ಎಲ್ಲರೂ ಅಜ್ಜಿಯ ಹೊಲಕ್ಕಿಳಿದು ಉಳಿದ ಬೆಳ್ಳುಳ್ಳಿ ಕಿತ್ತೆವು. ಮಳೆ ಶುರುವಾದಾಗ ಕೊನೆಯ ಹೊರೆ ಕೊಟ್ಟಿಗೆ ಸೇರಿತ್ತು. ನಾಲ್ಕು ದಿನ ಬಿಟ್ಟು ದುಚಿಲಣ್ಣ ಹೊತ್ತವರ ಮನೆಮನೆಗೆ ಹೋಗಿ ಎರಡೂ ಕೈಗಳಿಂದ ಹೆಂಡ ಸುರಿದುಕೊಟ್ಟ. ನಮ್ಮ ಹೆಗಲ ಬಾವನ್ನು ಮುಟ್ಟಿ ನೋಡಿದ.

ಆಮೇಲೆ ಹತ್ತಾರು ವರ್ಷ ಅವರಿಬ್ಬರೇ ನಮ್ಮೂರಿನವರನ್ನು ಕಳಿಸಿದರು. ನನ್ನ ಅಪ್ಪನನ್ನೂ. ನಾಟಿಗೆ, ಸಂತೆಗೆ, ಸ್ವಂತ ಮದುವೆಗೆ ಕೂಡ ತಡವಾಗಿ ಬಂದವನು ನನ್ನಪ್ಪ. ಅವನ ಪಲ್ಲಕ್ಕಿ ಎದ್ದಾಗ ಗಂಟೆ ಅಲ್ಲಾಡಿತು. ಬೊಂಗಿಮ್ ಅತ್ತಿಗೆ ಬೆಳಗಿನ ಬಿಸಿಲನ್ನೊಮ್ಮೆ ನೋಡಿ ಎತ್ತಿದಳು: "ಇವತ್ತಾದರೂ ಹೊತ್ತಿಗೆ ಸರಿಯಾಗಿ ಹೊರಟೆಯಲ್ಲ, ಪುಣ್ಯಾತ್ಮ."

ನನ್ನ ಅವ್ವ ಸೂತಕದ ಬಿಳಿ ಅಂಗಿಯ ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮದುವೆಯ ದಿನ ತನ್ನನ್ನು ಕಾಯಿಸಿದ್ದಕ್ಕೆ ಅವಳು ಅಪ್ಪನನ್ನು ಕ್ಷಮಿಸಿದ್ದು ಆಗಲೇ ಎಂದು ನನಗೆ ಅನಿಸುತ್ತದೆ. ಅದಕ್ಕಾಗಿ ಆ ದಂಪತಿಯನ್ನು ನಾನು ಈಗಲೂ ನೆನೆಯುತ್ತೇನೆ.